ಅವರೆಯ ಬೀಜವೂ ಹಗಲಿನ ಪ್ರಮಾಣವೂ

(ಹಿಡುವಳಿದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಅವರೆಯ ಬಳ್ಳಿಯು ಸೊಂಪಾಗಿ ಹಬ್ಬಿ, ಎಲೆಯಿಂದ ತುಂಬಿದ್ದರೂ ಹೂವನ್ನು ಮಾತ್ರ ಬಿಡದೆ ನಿಂತಿರುವುದನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಗೊಬ್ಬರವು ಹೆಚ್ಚಾಯಿತೆಂದೋ ನೀರು ಹೆಚ್ಚಾಯಿತೆಂದೋ ಹೇಳುವುದು ರೂಢಿ. ಅದು ಕೆಲವು ವೇಳೆ ನಿಜವೇ ಸರಿ; ಆದರೆ ಬಿತ್ತಿದ ಬೀಜಕ್ಕೂ ಬಿತ್ತಿದ ಕಾಲಕ್ಕೂ ಹೊಂದಿಕೆಯಿಲ್ಲದಿದ್ದರೂ ಹೀಗಾಗುವುದು.

ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬಿತ್ತುವ ಹಳೆಯ ನಾಡ ಅವರೆಯು ಹಗಲಿರುಳುಗಳ ಪ್ರಮಾಣವನ್ನು ಅರಿಯತಕ್ಕ ಗಿಡವು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಹ್ರಸ್ವವಾದ ಹಗಲು ಸುಮಾರು 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆಯ ಅಂತರವನ್ನು ನಾವು ಅಷ್ಟಾಗಿ ಎಣಿಸುವುದಿಲ್ಲ, ಗಿಡವು ಎಣಿಸುವುದು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ಮೂಲಕ ಅದು ಬೆಳಕನ್ನೂ ಕತ್ತಲೆಯನ್ನೂ ತಿಳಿಯುತ್ತದೆ. ರಾತ್ರಿಯು ಸಾಕಷ್ಟು ದೀರ್ಘವಾದ ಮೇಲೆಯೇ ಹೂ ಬಿಡುವ ಸೂಚನೆಯು ಎಲೆಯಿಂದ ಕುಡಿಗೆ ಹೋಗುವುದು. ಆದುದರಿಂದ ಈ ಅವರೆಯನ್ನು ತಡವಾಗಿ ಬಿತ್ತಿದರೆ ಗಿಡವು ಮೈದುಂಬುವ ಮೊದಲೇ ಹೂವಿಗೆ ಬಂದು ಫಸಲು ಕಡಿಮೆಯಾಗುವುದು. ಬೇಸಗೆಯಲ್ಲಿ ನೀರು ಕಟ್ಟಿ ಬೆಳೆದರೆ ಬರಿಯ ಎಲೆಯೇ ಲಾಭ.

ಈ ಧರ್ಮವನ್ನು ಅಮೆರಿಕಾ ದೇಶದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಬೇಸಗೆಯಲ್ಲಿ ಹೂ ಬಿಡದೆ ಬೆಳೆಯುತ್ತಿದ್ದ ಒಂದು ತಳಿಯ ಹೊಗೆಸೊಪ್ಪಿನ ಗಿಡಗಳನ್ನು ಅವರು ದಿನವೂ ಕೆಲವು ಗಂಟೆ ಕತ್ತಲೆಯಲ್ಲಿಟ್ಟು ಹೂ ಬಿಡುವಂತೆ ಮಾಡಿದರು.

ಆದರೆ ಒಂದೇ ಪೈರಿನ ಎಲ್ಲಾ ತಳಿಗಳೂ ಹಗಲಿನ ಪ್ರಮಾಣಕ್ಕೆ ಸಮನಾಗಿ ಅಧೀನವಾಗಿರುವುದಿಲ್ಲ. ಈ ಭೇದವು ಬೀಜದಲ್ಲಿ ಹುಟ್ಟಿನಿಂದಲೇ ಬಂದದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳು ಹಗಲು ಕುಗ್ಗುವುದನ್ನು ಕಾಯುವುದಿಲ್ಲ. ಬಿತ್ತಿದ ಸುಮಾರು ಒಂದೂವರೆ ತಿಂಗಳಿಗೆ ಹೂವಿಗೆ ಬರುವುವು. ನೀರಿನ ಅನುಕೂಲವುಳ್ಳವರಿಗೆ ಇವು ಬಹಳ ಉಪಯುಕ್ತ. ಹಾಗೆಂದು ನಾಡ ಅವರೆಯು ನಿರರ್ಥಕವೆಂದು ತಿಳಿಯಕೂಡದು. ಮಳೆಗಾಲದಲ್ಲಿ ಹಬ್ಬಿ, ರಾಗಿಯು ಕೊಯ್ಲಾಗುವ ಹೊತ್ತಿಗೆ ಕಾಯಿಗೆ ತಿರುಗುವ ಅದರ ಗುಣವು ಖುಷ್ಕಿ ಬೇಸಾಯಕ್ಕೆ ಅನುಕೂಲವಾದದ್ದು. ಅದರ ಸೊಗಡನ್ನು ಬಯಸಿ ಕೊಳ್ಳುವವರೂ ಅನೇಕರಿದ್ದಾರೆ.

ಅಪಾಯವಿರುವುದು ಬೆರಕೆಯಲ್ಲಿ. ಕಾಳಿನ ಬಣ್ಣವನ್ನಾಗಲಿ ಗಾತ್ರವನ್ನಾಗಲಿ ನೋಡಿ ಈ ಗುಣವನ್ನು ನಿಶ್ಚಯಿಸಲಾಗದು. ಆದುದರಿಂದ ಎರಡು ಬಗೆಯ ಅವರೆಯನ್ನೂ ಬೇರೆ ಬೇರೆ ಬಡಿದು, ಬೇರೆ ಬೇರೆ ಮಡಕೆಗಳಲ್ಲಿ ಗುರುತು ಹಾಕಿ ಇಡತಕ್ಕದ್ದು. ಸಂದೇಹವಿದ್ದರೆ ಏಪ್ರಿಲ್ ತಿಂಗಳ ಕೊನೆಯಲ್ಲಿ ಒಂದು ಹಿಡಿ ಕಾಳನ್ನು ಬಾವಿಯ ಬಳಿ ಊರಿ ನೀರು ಹಾಕಿ ನೋಡಿರಿ. ಜೂನ್ ಕೊನೆಯೊಳಗೆ ಹೂ ಬಿಟ್ಟವು ಹಗಲಿಗೆ ಅಧೀನವಲ್ಲದವು. ಬರಿಯ ಬಳ್ಳಿಯಾಗಿ ಹಬ್ಬಿದವು ಹಳೆಯ ನಾಡ ತಳಿಗಳು.

ಪ್ರತಿ ಗ್ರಾಮದಲ್ಲಿಯೂ ಇಬ್ಬರು ಮೂವರಾದರೂ ನಾಡ ಅವರೆಯ ಶುದ್ಧ ಬೀಜವನ್ನು ವರ್ಷವರ್ಷವೂ ಬೆಳೆದು ಉಳಿಸುವಂತೆ ಮುಖಂಡರು ಏರ್ಪಡಿಸಬೇಕೆಂದು ಕೋರುತ್ತೇನೆ. ಹೊಸ ಬೀಜವನ್ನು ಯಾವಾಗ ಬೇಕಾದರೂ ಹಣ ಕೊಟ್ಟು ತರಬಹುದು. ಊರಿನಿಂದ ಒಮ್ಮೆ ತಪ್ಪಿಹೋದ ಹಳೆಯ ಬೀಜವು ಅಂಗಡಿಯಲ್ಲಿ ದೊರೆಯುವುದಿಲ್ಲ.