ಚೀನಾದಲ್ಲಿ ‘ಗೆಟ್’ ಕಲಿತ ಕಥೆ

ಇಂಗ್ಲಿಷಿನ ‘ಗೆಟ್’ ಎಂಬ ಪದಕ್ಕೆ ಅರ್ಥವೇನು ಅಂತ ಯಾರಾದರೂ ದಿಢೀರನೆ ಕೇಳಿದರೆ ‘ಪಡೆ’ ಅಂತ ಹೇಳಿಬಿಡುತ್ತೇವೆ. ತಪ್ಪೇನಲ್ಲ. ಆದರೆ ಕಾಗದ ಬಂದರೂ ಗೆಟ್, ಕೋಪ ಬಂದರೂ ಗೆಟ್. ಮನೆ ಮುಟ್ಟಿದರೂ ಗೆಟ್, ಮಾತು ತಲೆಗೆ ಹೋದರೂ ಗೆಟ್. ಕಟಿಂಗ್ ಮಾಡಿಸಿಕೊಂಡರೆ ಅದಕ್ಕೂ ಗೆಟ್. ಹಾಸಿಗೆಯಿಂದ ಏಳುವುದು, ಬಸ್ಸಿನಿಂದ ಇಳಿಯುವುದು, ನೆರೆಹೊರೆಯವರ ಜೊತೆ ಹೊಂದಿಕೊಂಡು ಹೋಗುವುದು ಎಲ್ಲಕ್ಕೂ ಇದೇ ಪದ. ಬೆನ್ನಿಗೊಂದು ಚಿಕ್ಕ ಬಾಲ ಅಂಟಿಸಿಕೊಂಡರೆ ಆಯಿತು. ಚೀನೀ ಭಾಷೆಯಲ್ಲಿ ಇವೆಲ್ಲ ಬೇರೆ ಬೇರೆ ಮಾತುಗಳು. ‘ಆಗು’ ಎನ್ನಲು ಬಿಯೆನ್, ತಿಳಿಯುವುದಕ್ಕೆ ದೊಂಗ್, ಇನ್ನೊಬ್ಬರಿಂದ ಮಾಡಿಸುವುದಕ್ಕೆ ರಾಂಗ್. ಒಂದೊಂದಕ್ಕೂ ಅದರದೇ ಲಿಪಿಚಿಹ್ನೆ. ಪುಟದ ಮೇಲೆ ಒಂದರ ಮುಖ ಇನ್ನೊಂದನ್ನು ಹೋಲುವುದಿಲ್ಲ. ಹಾಗಾಗಿ ಇಷ್ಟೆಲ್ಲ ಕೆಲಸವನ್ನು ಒಂದೇ ಪದ ಮಾಡುತ್ತದೆ ಅಂದರೆ ಅಲ್ಲಿನ ವಿದ್ಯಾರ್ಥಿಗೆ ಮೊದಲು ನಂಬಿಕೆ ಬರುವುದೇ ಕಷ್ಟ. ಇಂಥ ಪುಟ್ಟ ಪದಗಳನ್ನು ಪಳಗಿಸಲು ಚೀನಾದವರು ಇನ್ನೂರೈವತ್ತು ವರ್ಷಗಳಿಂದ ಏನೇನು ಮಾಡಿದರು ಎಂಬುದೇ ಇವತ್ತಿನ ಮಾತು.

ಕಥೆ ಶುರುವಾಗುವುದು ಕ್ಯಾಂಟನ್ ಬಂದರಿನಲ್ಲಿ. 1757ರಲ್ಲಿ ಚಿಯೆನ್‌ಲೊಂಗ್ ಚಕ್ರವರ್ತಿ ಯುರೋಪಿನ ವ್ಯಾಪಾರಕ್ಕೆ ಆ ಒಂದು ಬಂದರನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಿದ. ಎರಡು ವರ್ಷಕ್ಕೆ ಜೇಮ್ಸ್ ಫ್ಲಿಂಟ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ದುಭಾಷಿ ನೇರವಾಗಿ ಉತ್ತರಕ್ಕೆ ಹೋಗಿ ಚೀನೀ ಭಾಷೆಯಲ್ಲೇ ದೂರು ಸಲ್ಲಿಸಿದ. ಅವನಿಗೆ ಮೂರು ವರ್ಷ ಸೆರೆವಾಸ ಆಯಿತು. ಅರ್ಜಿ ಬರೆದುಕೊಟ್ಟ ಚೀನೀಯನ ತಲೆಯೇ ಹೋಯಿತು. ಪರದೇಶಿಗೆ ನಮ್ಮ ಭಾಷೆ ಕಲಿಸಿದರೆ ಗತಿ ಏನು ಎಂಬುದು ಊರಿಗೆಲ್ಲ ಗೊತ್ತಾಯಿತು. ಆದರೆ ಚಹಾ, ರೇಷ್ಮೆ ಮಾರಬೇಕಲ್ಲ? ಪರದೇಶಿಗಳು ಚೀನೀ ಕಲಿಯುವಂತಿಲ್ಲ ಅಂದಮೇಲೆ ಚೀನೀಯರೇ ಇಂಗ್ಲಿಷ್ ಕಲಿಯಬೇಕಾಯಿತು.

ಅವರಿಗೆ ಶಾಲೆ ಇರಲಿಲ್ಲ, ವ್ಯಾಕರಣ ಇರಲಿಲ್ಲ, ರೋಮನ್ ಅಕ್ಷರವೂ ಬರುತ್ತಿರಲಿಲ್ಲ. ಬೀದಿಯ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಒಂದು ಕಿರುಪುಸ್ತಕ ಸಿಗುತ್ತಿತ್ತು. ಕ್ಯಾಂಟನ್ನಿನಲ್ಲಿ ಬಹುಕಾಲ ಇದ್ದ ಅಮೆರಿಕದ ವ್ಯಾಪಾರಿ ವಿಲಿಯಂ ಹಂಟರ್ 1882ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ ಅದನ್ನು ವರ್ಣಿಸಿದ್ದಾನೆ. ಹೆಸರು ‘ದೆವ್ವಗಳ ಮಾತು’. ಬಿಳಿಯರನ್ನು ಅಲ್ಲಿ ಕರೆಯುತ್ತಿದ್ದದ್ದೇ ಹಾಗೆ. ಒಳಗೆ ಚೀನೀ ಪದ, ಅದರಡಿ ಇಂಗ್ಲಿಷ್ ಪದದ ಸದ್ದು, ಆ ಸದ್ದೂ ಚೀನೀ ಚಿಹ್ನೆಗಳಲ್ಲೇ. ಕೆಲವು ನೂರು ಪದ ಅಷ್ಟೇ. ಅಷ್ಟರಲ್ಲಿ ಲಕ್ಷಾಂತರ ಬೆಳ್ಳಿ ನಾಣ್ಯಗಳ ವಹಿವಾಟು ನಡೆಯಿತು.

ಹೇಗೆ ಸಾಧ್ಯವಾಯಿತು ಅಂದರೆ, ಪದ ಕಡಿಮೆ ಇದ್ದಾಗ ಒಂದೊಂದರ ಮೇಲೂ ಹೊರೆ ಹೆಚ್ಚಿಸಿದರು. ‘ಪಿಜಿನ್’ ಎಂದು ಹೆಸರಾದ ಆ ಬೆರಕೆ ಮಾತಿನಲ್ಲಿ ‘ಗೆಟ್’ ಮಾಡುವ ಕೆಲಸವನ್ನು ‘ಕ್ಯಾಚೀ’ ಎಂಬ ಪದ ಮಾಡುತ್ತಿತ್ತು. ಇಂಗ್ಲಿಷಿನ ‘ಕ್ಯಾಚ್’, ಅಂದರೆ ಹಿಡಿ. ಕುರ್ಚಿ ತರುವುದಕ್ಕೂ ಕ್ಯಾಚೀ, ಲಾಭ ಗಳಿಸುವುದಕ್ಕೂ ಕ್ಯಾಚೀ, ಕಾಯಿಲೆ ಬೀಳುವುದಕ್ಕೂ ಕ್ಯಾಚೀ. ‘ಬಿಲಾಂಗ್’ ಎಂಬ ಇನ್ನೊಂದು ಪದ ‘ಆಗಿದೆ’, ‘ಇದೆ’ ಎನ್ನುವುದನ್ನೆಲ್ಲ ನಿಭಾಯಿಸಿತು.

ಎಲ್ಲಕ್ಕಿಂತ ಮಜವಾದದ್ದು ‘ಚಾಪ್’. ಕ್ಯಾಂಟನ್ ಇಂಗ್ಲಿಷಿನಲ್ಲಿ ಚಾಪ್ ಅಂದರೆ ಮುದ್ರೆ. ಮುದ್ರೆ ಒತ್ತಿದ ಪರವಾನಗಿಯೂ ಚಾಪ್. ಹಡಗು ಬಂದರು ಬಿಡಲು ಬೇಕಾದ ಕಾಗದ ‘ಗ್ರ್ಯಾಂಡ್ ಚಾಪ್’. ಸುಂಕದ ಕಟ್ಟೆ ‘ಚಾಪ್ ಹೌಸ್’, ಪರವಾನಗಿ ಪಡೆದ ಸರಕಿನ ದೋಣಿ ‘ಚಾಪ್ ಬೋಟ್’. ಒಂದೇ ಗುರುತು ಹಾಕಿದ ಚಹಾ ಪೆಟ್ಟಿಗೆಗಳ ರಾಶಿಯೂ ಚಾಪ್, ಕಡೆಗೆ ಮೊದಲ ದರ್ಜೆಯ ಮಾಲು ‘ಫಸ್ಟ್ ಚಾಪ್’. ಈ ಪದ ಇಂಗ್ಲಿಷಿನದೂ ಅಲ್ಲ, ಚೀನೀಯದೂ ಅಲ್ಲ. ಅದು ನಮ್ಮ ಕಡೆಯ ಛಾಪು, ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೊಳ್ಳುವ ಛಾಪಾ ಕಾಗದದ ಛಾಪು. ಭಾರತದ ಬಂದರುಗಳಿಂದ ಹಡಗು ಹತ್ತಿ ಕ್ಯಾಂಟನ್ನಿಗೆ ಹೋಗಿ ಅಲ್ಲಿ ಅರ್ಧ ಡಜನ್ ಅರ್ಥ ಹೆತ್ತಿತು.

ಈ ಬೆರಕೆ ಮಾತನ್ನು ಬಿಳಿಯರು ಗೇಲಿ ಮಾಡಿದರು, ಗೇಲಿ ಮಾಡುತ್ತಲೇ ತಾವೂ ಆಡಿದರು. ನನಗಂತೂ ಆ ಕ್ಯಾಂಟನ್ ವರ್ತಕರು ಆಮೇಲೆ ಬಂದ ಎಷ್ಟೋ ಪಂಡಿತರಿಗಿಂತ ಜಾಣರಾಗಿ ಕಾಣುತ್ತಾರೆ. ಪದಕ್ಕೆ ಎಷ್ಟು ಅರ್ಥ ಅಂತ ಅವರು ಲೆಕ್ಕ ಹಾಕಲಿಲ್ಲ. ಎಲ್ಲಿ ಸಲ್ಲುತ್ತದೋ ಅಲ್ಲಿ ಚಲಾಯಿಸಿದರು.

ಇನ್ನೊಂದು ಕಡೆ ನಿಘಂಟಿನ ಕೆಲಸ ನಡೆದಿತ್ತು. 1807ರಲ್ಲಿ ಕ್ಯಾಂಟನ್ನಿಗೆ ಬಂದ ರಾಬರ್ಟ್ ಮಾರಿಸನ್ ಎಂಬ ಪಾದ್ರಿ 1815ರಿಂದ 1823ರವರೆಗೆ ಆರು ಸಂಪುಟಗಳ ಚೀನೀ ನಿಘಂಟನ್ನು ಮಕಾವಿನಲ್ಲಿ ಅಚ್ಚು ಹಾಕಿಸಿದ. ಅದೇ ದಿನಗಳಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಜೋಶುವಾ ಮಾರ್ಷ್‌ಮನ್ 1814ರಲ್ಲಿ ಚೀನೀ ವ್ಯಾಕರಣ ಹೊರತಂದ. ಮೂರು ವರ್ಷಕ್ಕೆ ಅದೇ ಊರಿನಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂತು. ಪಾದ್ರಿಗಳ ಪುಸ್ತಕಗಳ ಮಟ್ಟಿಗೆ ಕನ್ನಡವೂ ಚೀನೀಯೂ ಒಂದೇ ಹೊಸಿಲು ದಾಟಿದವು.

ಚೀನಾದ ಜೊತೆ ಮಾಡಿಕೊಂಡ 1858ರ ತಿಯೆನ್‌ಜಿನ್ ಒಪ್ಪಂದದಲ್ಲಿ ಬ್ರಿಟಿಷರು ಒಂದು ಷರತ್ತು ಸೇರಿಸಿದರು: ಅರ್ಥದಲ್ಲಿ ತಕರಾರು ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣ. ಸಾಮ್ರಾಜ್ಯದ ಗಡಿ, ಸುಂಕ, ದಂಡ ಎಲ್ಲವೂ ಪರಭಾಷೆಯ ಒಂದು ಪದದ ಮೇಲೆ ನಿಲ್ಲುವ ಕಾಲ ಬಂತು. 1862ರಲ್ಲಿ ಪೀಕಿಂಗಿನಲ್ಲಿ ತೊಂಗ್‌ವೆನ್ ಗುವಾನ್ ಎಂಬ ಸರ್ಕಾರಿ ಭಾಷಾ ಶಾಲೆ ತೆರೆಯಿತು. ಶುರುವಿಗೆ ಹತ್ತೇ ಹುಡುಗರು. ಅದೇ ವರ್ಷ ಕ್ಯಾಂಟನ್ನಿನಲ್ಲಿ ತಾಂಗ್ ತಿಂಗ್‌ಶು ಆರು ಭಾಗಗಳ ಇಂಗ್ಲಿಷ್ ಬೋಧಿನಿ ಪ್ರಕಟಿಸಿದ. ಮಿಷನ್ ಶಾಲೆಯಲ್ಲಿ ಓದಿದವನು, ಮುಂದೆ ಚೀನಾದ ಹಡಗು ಕಂಪನಿ, ಕಲ್ಲಿದ್ದಲು ಗಣಿ ನಡೆಸಿದವನು. ಅವನ ಪುಸ್ತಕದಲ್ಲಿ ಶುದ್ಧ ಇಂಗ್ಲಿಷಿನ ಪಕ್ಕದಲ್ಲೇ ಕ್ಯಾಂಟನ್ನಿನ ಬೆರಕೆ ರೂಪವೂ ಇದೆ. ಎರಡೂ ಗೊತ್ತಿರದೆ ಬದುಕು ನಡೆಯದು ಎಂಬುದು ಅವನಿಗೆ ತಿಳಿದಿತ್ತು.

ಶತಮಾನ ಮುಗಿಯುವ ಹೊತ್ತಿಗೆ ಕಲಿಕೆ ರಾಜಧಾನಿಯಿಂದ ಪೇಟೆಗೆ ಇಳಿಯಿತು. 1897ರಲ್ಲಿ ಶಾಂಘಾಯಿಯ ಕೆಲವು ಅಚ್ಚುಮೊಳೆ ಕೆಲಸಗಾರರು ಕಮರ್ಷಿಯಲ್ ಪ್ರೆಸ್ ಕಟ್ಟಿದರು. ಮರುವರ್ಷ ಅವರು ತಂದು ಗೆದ್ದ ಪುಸ್ತಕ ಒಂದು ಇಂಗ್ಲಿಷ್ ಪ್ರೈಮರ್. ಅದು ಎಲ್ಲಿಂದ ಬಂತು ಗೊತ್ತೇ? ಭಾರತದ ಶಾಲಾ ಮಕ್ಕಳಿಗಾಗಿ ಬ್ರಿಟಿಷರು ಬರೆಸಿದ ರೀಡರ್ ಅದು. ಅದಕ್ಕೆ ಚೀನೀ ಟಿಪ್ಪಣಿ ಸೇರಿಸಿ ಅಚ್ಚು ಹಾಕಿದರು. ನಮ್ಮ ಮುತ್ತಜ್ಜಂದಿರ ಕಾಲದ ಮಕ್ಕಳಿಗೆ ಮಾಡಿದ ಪಾಠಗಳಲ್ಲೇ ಶಾಂಘಾಯಿಯ ಹುಡುಗರೂ ಇಂಗ್ಲಿಷಿಗೆ ಕೈಹಾಕಿದರು. ಟಿಪ್ಪಣಿಯ ಪದ್ಧತಿ ಮಾತ್ರ ಗಟ್ಟಿಯಾಗಿ ಬೇರೂರಿತು: ಇಂಗ್ಲಿಷ್ ಪದ, ಎದುರಿಗೆ ಚೀನೀ ಚಿಹ್ನೆ. ಅರ್ಥ ಎರಡಿದ್ದರೆ ಎರಡು, ಹತ್ತಿದ್ದರೆ ಹತ್ತು, ಒಂದರ ಕೆಳಗೊಂದು.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದೇ ಪದ ಹತ್ತು ಕೆಲಸ ಮಾಡುವುದು ಚೀನೀಯರಿಗೆ ನಿಜವಾಗಿ ಹೊಸದೇ? ಅಲ್ಲವೇ ಅಲ್ಲ. ಅವರಲ್ಲಿ ‘ದಾ’ ಎಂಬ ಕ್ರಿಯಾಪದವಿದೆ, ಮೂಲದಲ್ಲಿ ಹೊಡೆ ಎಂದರ್ಥ. ಅವರು ಫೋನನ್ನೂ ದಾ ಮಾಡುತ್ತಾರೆ, ನೀರನ್ನೂ ದಾ ಮಾಡುತ್ತಾರೆ. ಕೊಡೆ ಹಿಡಿಯುವುದಕ್ಕೆ, ಸ್ವೆಟರ್ ಹೆಣೆಯುವುದಕ್ಕೆ, ಟ್ಯಾಕ್ಸಿ ಹಿಡಿಯುವುದಕ್ಕೆ, ಮೀನು ಹಿಡಿಯುವುದಕ್ಕೆ ಅದೇ. ನಾವು ಬಣ್ಣ ಹೊಡೆದು, ಕಾಪಿ ಹೊಡೆದು, ನಿದ್ದೆ ಹೊಡೆದು, ವಾಸನೆ ಹೊಡೆಯಿತು ಎನ್ನುವುದಿಲ್ಲವೇ, ಹಾಗೆ. ಹನ್ನೊಂದನೆಯ ಶತಮಾನದ ದೊಡ್ಡ ವಿದ್ವಾಂಸ ಓಯಾಂಗ್ ಶಿಯು ಈ ಪದ ಕೆಟ್ಟುಹೋಯಿತು ಅಂತ ಆಗಲೇ ದೂರಿದ್ದ. ದೋಣಿ ಕಟ್ಟಿದರೂ ದಾ, ನೀರು ಸೇದಿದರೂ ದಾ, ಇದೆಂಥ ಅವಸ್ಥೆ ಎಂದು. 1920ರ ದಶಕದಲ್ಲಿ ಲಿಯು ಬಾನ್‌ನೊಂಗ್ ಎಂಬ ಕವಿ, ಭಾಷಾಶಾಸ್ತ್ರಜ್ಞ ಅದರ ಪ್ರಯೋಗಗಳನ್ನು ಕೂಡಿಡಲು ಹೊರಟ. ಎಂಟು ಸಾವಿರ ದಾಟಿತು. ಇದೊಂದು ಪೋಲಿ ಪದ ಎಂದೂ ಬೈದ. ಅವನು ತೀರಿಕೊಂಡ ಮೇಲೆ 1935ರಲ್ಲಿ ಚೆನ್ ವಾಂಗ್‌ದಾವ್ ಇದಕ್ಕೆ ಉತ್ತರ ಬರೆದ. ಕಮ್ಯುನಿಸ್ಟ್ ಪ್ರಣಾಳಿಕೆಯನ್ನು ಚೀನೀ ಭಾಷೆಗೆ ಮೊದಲು ಪೂರ್ತಿಯಾಗಿ ತಂದವನು ಇವನೇ. ಸಾವಿರಾರು ಪ್ರಯೋಗ ಇರಬಹುದು, ವರ್ಗ ಮಾಡಿದರೆ ಮೂರೇ ಎಂಬುದು ಅವನ ವಾದ: ನಿಜವಾಗಿ ಹೊಡೆಯುವುದು, ಬೇರೆ ಕ್ರಿಯಾಪದದ ಬದಲಿಗೆ ನಿಲ್ಲುವುದು, ಇನ್ನೊಂದು ಕ್ರಿಯಾಪದಕ್ಕೆ ಬರೀ ಜೊತೆಯಾಗುವುದು. ‘ಗೆಟ್’ ಕಲಿಸುವವರು ಈ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಎಷ್ಟೋ ತಲೆಮಾರಿನ ತಲೆನೋವು ತಪ್ಪುತ್ತಿತ್ತು ಅನ್ನಿಸುತ್ತದೆ.

ಅದೇ 1930ರ ದಶಕದಲ್ಲಿ ಇಂಗ್ಲಿಷ್ ಕಲಿಸುವ ಎರಡು ಪ್ರಯೋಗಗಳು ನಡೆದವು. ಲೇಖಕ ಲಿನ್ ಯುಟಾಂಗ್, ಫೆಂಗ್ ಝಿಕಾಯ್ ಅವರ ಚಿತ್ರಗಳಿರುವ ಚಂದದ ಪಾಠಪುಸ್ತಕ ಮಾಡಿದ್ದರು. ಜೊತೆಗೆ ಒಂದು ವ್ಯಾಕರಣವನ್ನೂ ಬರೆದರು. ಅದು ಪದದಿಂದ ಅರ್ಥಕ್ಕೆ ಹೋಗುವುದಿಲ್ಲ. ಹೇಳಬೇಕಾದ ಭಾವ ಯಾವುದು, ಅದಕ್ಕೆ ಇಂಗ್ಲಿಷಿನವರು ಏನು ಹೇಳುತ್ತಾರೆ ಎಂದು ಆ ಕಡೆಯಿಂದ ಬರುತ್ತದೆ.

ಇನ್ನೊಂದು ಪ್ರಯೋಗ ಐ.ಎ. ರಿಚರ್ಡ್ಸ್ ಅವರದು. ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಇದು ಪರಿಚಯದ ಹೆಸರು. ಸಿ.ಕೆ. ಆಗ್ಡನ್ ಜೊತೆ ಸೇರಿ ‘ಅರ್ಥ ಎಂದರೇನು’ ಎಂಬುದರ ಮೇಲೆಯೇ 1923ರಲ್ಲಿ ದಪ್ಪ ಪುಸ್ತಕ ಬರೆದವರು. ಆಗ್ಡನ್ 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಪ್ರಕಟಿಸಿದರು. ಒಟ್ಟು 850 ಪದ, ಅದರಲ್ಲಿ ಕ್ರಿಯಾಪದ 18 ಮಾತ್ರ. ‘ಗೆಟ್’ ಆ ಹದಿನೆಂಟರಲ್ಲಿ ಒಂದು. ಪೀಕಿಂಗಿನ ಚಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದ ರಿಚರ್ಡ್ಸ್ ಇದೇ ಚೀನಾಕ್ಕೆ ತಕ್ಕ ಮದ್ದು ಎಂದು ನಂಬಿ 1936ರಲ್ಲಿ ಮತ್ತೆ ಬಂದರು. ಲೆಕ್ಕ ನೋಡಲು ಸೊಗಸು. ಆದರೆ ಏರು, ಇಳಿ, ತಲುಪು, ಗುಣವಾಗು ಎಂಬ ಕ್ರಿಯಾಪದಗಳನ್ನೆಲ್ಲ ಕಿತ್ತುಹಾಕಿದ ಮೇಲೆ ಆ ಭಾರವೆಲ್ಲ ಬಂದು ಬೀಳುವುದು ‘ಗೆಟ್’ ಮೇಲೆಯೇ. ಕಲಿಯುವವನು 850 ಪದ ಕಲಿತೆ ಅಂದುಕೊಳ್ಳುತ್ತಾನೆ. ಗೆಟ್-ಅಪ್, ಗೆಟ್-ಓವರ್, ಗೆಟ್-ಥ್ರೂ ಒಂದೊಂದನ್ನೂ ಬೇರೆ ಬೇರೆಯಾಗಿಯೇ ಕಲಿಯಬೇಕು. ಕ್ಯಾಂಟನ್ ವರ್ತಕನಿಗೆ ಹೊರೆ ಹೆಚ್ಚಿಸುವ ಸ್ವಾತಂತ್ರ್ಯ ಇತ್ತು, ಯಾಕೆಂದರೆ ಆ ಭಾಷೆ ಅವನದೇ ಆಗಿತ್ತು. ಬೇಸಿಕ್ ಓದುವ ಹುಡುಗನಿಗೆ ಆ ಸ್ವಾತಂತ್ರ್ಯ ಇಲ್ಲ.

1937ರ ಜುಲೈ 7ರಂದು ಪೀಕಿಂಗಿನ ಹೊರವಲಯದ ಸೇತುವೆಯ ಬಳಿ ಜಪಾನೀ ಸೇನೆಯ ಜೊತೆ ಗುಂಡಿನ ಕಾಳಗ ಶುರುವಾಗಿ ಯುದ್ಧ ಹಬ್ಬಿತು. ಬೇಸಿಕ್ ಯೋಜನೆ ಮೂಲೆಗೆ ಬಿತ್ತು. ರಿಚರ್ಡ್ಸ್ ಅವರ ಶಿಷ್ಯ ವಿಲಿಯಂ ಎಂಪ್ಸನ್, ಕಾವ್ಯದಲ್ಲಿ ಒಂದೇ ಮಾತಿಗೆ ಹಲವು ಅರ್ಥ ಹೇಗೆ ಎಂಬುದರ ಮೇಲೆ ಇಪ್ಪತ್ತರ ಹರೆಯದಲ್ಲೇ ಪುಸ್ತಕ ಬರೆದವರು, ಅದೇ ಹೊತ್ತಿಗೆ ಚೀನಾಕ್ಕೆ ಬಂದಿಳಿದರು. ದಕ್ಷಿಣಕ್ಕೆ ವಲಸೆ ಹೋದ ವಿಶ್ವವಿದ್ಯಾಲಯದಲ್ಲಿ, ಪುಸ್ತಕಗಳೇ ಇಲ್ಲದ ಕೊಠಡಿಯಲ್ಲಿ, ಪದ್ಯಗಳನ್ನು ನೆನಪಿನಿಂದ ಟೈಪ್ ಮಾಡಿ ಪಾಠ ಹೇಳಿದರು.

1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ಮೇಲೆ ಕೆಲಕಾಲ ಎಲ್ಲೆಲ್ಲೂ ರಷ್ಯನ್. ಸಾಂಸ್ಕೃತಿಕ ಕ್ರಾಂತಿಯಲ್ಲಿ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡವರಿಗೂ ಕಷ್ಟ. ಆದರೂ ಆ ಗದ್ದಲದ ನಡುವೆಯೇ 1975ರಲ್ಲಿ ಶಾಂಘಾಯಿಯ ವಿದ್ವಾಂಸರ ತಂಡ ‘ಹೊಸ ಇಂಗ್ಲಿಷ್-ಚೀನೀ ನಿಘಂಟು’ ಹೊರತಂದಿತು. ಮಾವೋ ತೀರಿಕೊಂಡ ಮೇಲೆ ಬಾಗಿಲು ತೆರೆಯಿತು. 1982ರ ಜನವರಿಯಲ್ಲಿ ಬಿಬಿಸಿಯ ‘ಫಾಲೋ ಮಿ’ ಪಾಠಗಳು ಚೀನೀ ಟೆಲಿವಿಷನ್ನಿನಲ್ಲಿ ಬಂದಾಗ ಕೋಟ್ಯಂತರ ಜನ ಮುಂದೆ ಕೂತರು. ನಿರೂಪಕಿ ಕ್ಯಾಥಿ ಫ್ಲವರ್ ಮನೆಮಾತಾದರು. 1983ರಿಂದ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ವಿದೇಶಿ ಭಾಷೆಯ ಅಂಕ ಪೂರ್ತಿ ಲೆಕ್ಕಕ್ಕೆ ಬಂತು. 1987ರಲ್ಲಿ ಕಾಲೇಜು ಇಂಗ್ಲಿಷ್ ಪರೀಕ್ಷೆ ಶುರುವಾಯಿತು. 1993ರಲ್ಲಿ ಯು ಮಿನ್‌ಹೊಂಗ್ ಎಂಬ ಮೇಷ್ಟ್ರು ನ್ಯೂ ಓರಿಯೆಂಟಲ್ ಎಂಬ ಕೋಚಿಂಗ್ ಶಾಲೆ ತೆರೆದರು. ಅವರ ಕೆಂಪು ರಟ್ಟಿನ ಪದಪುಸ್ತಕ ಅಮೆರಿಕಕ್ಕೆ ಹೊರಟವರ ಪಾಲಿಗೆ ಗೀತೆ.

ಪದಪಟ್ಟಿಯ ಯುಗ ಇದು. ಅಕ್ಷರಾನುಕ್ರಮದ ಪಟ್ಟಿಯಲ್ಲಿ ಮೊದಮೊದಲೇ ಸಿಗುವ ಪದ ‘ಅಬ್ಯಾಂಡನ್’, ಅಂದರೆ ಕೈಬಿಡು. ಎಷ್ಟೋ ಮಕ್ಕಳು ಅದೊಂದನ್ನು ಕಲಿತು ಅದರಂತೆಯೇ ನಡೆದುಕೊಳ್ಳುತ್ತಾರೆ ಎಂಬುದು ಅಲ್ಲಿನ ಹಳೆಯ ತಮಾಷೆ.

ಈ ಪಟ್ಟಿ ಕಲಿಕೆಯಿಂದಲೇ ಒಂದು ವಿಚಿತ್ರ ಪಠ್ಯವಿಭಾಗ ಹುಟ್ಟಿತು: ‘ಶುತ್ಸ್ ಪಿಯಿ’, ಪರಿಚಿತ ಪದಗಳ ಅಪರೂಪದ ಅರ್ಥಗಳು. ಪರೀಕ್ಷೆ ಮಾಡುವವರು ಕಷ್ಟದ ಪದ ಕೊಡುವುದಿಲ್ಲ, ಸುಲಭದ ಪದವನ್ನೇ ತಿರುಗಿಸಿ ಕೊಡುತ್ತಾರೆ. ‘ಬುಕ್’ ಅಂದರೆ ಪುಸ್ತಕ ಅಂತ ಹೋದವನಿಗೆ ‘ಕಾಯ್ದಿರಿಸು’. ‘ಸ್ಕೂಲ್’ ಅಂದರೆ ಮೀನಿನ ಹಿಂಡು. ‘ನಾವೆಲ್’ ಅಂದರೆ ಹೊಸತು. ‘ಅಡ್ರೆಸ್’ ಅಂದರೆ ಸಮಸ್ಯೆಗೆ ಕೈಹಾಕು. ಇದಕ್ಕೂ ಪಟ್ಟಿ, ಇದಕ್ಕೂ ಬಾಯಿಪಾಠ! ಮಗು ‘ಗೆಟ್’ ಪದದ ಹದಿನೈದು ಅರ್ಥ ಒಪ್ಪಿಸುತ್ತದೆ. ಬರೆಯಲು ಕೂತಾಗ ಕೈಗೆ ಬರುವುದು ಮೊದಲು ಕಲಿತ ‘ಪಡೆ’ ಒಂದೇ. ದೀಪ ಹಚ್ಚುವುದಕ್ಕೆ ಚೀನೀಯಲ್ಲಿ ‘ತೆರೆ’ ಎನ್ನುತ್ತಾರೆ, ಹಾಗಾಗಿ ಇಂಗ್ಲಿಷಿನಲ್ಲೂ ‘ಓಪನ್ ದ ಲೈಟ್’. ಲೈಟ್ ಹಾಕು ಎನ್ನುವ ನಾವು ‘ಪುಟ್ ದ ಲೈಟ್’ ಎನ್ನುವವರೇ ಆದ್ದರಿಂದ ನಗುವ ಹಾಗಿಲ್ಲ. 2003ರಲ್ಲಿ ಗುಯಿ ಶಿಚುನ್ ಮತ್ತು ಯಾಂಗ್ ಹುಯಿಝೊಂಗ್ ಚೀನೀ ವಿದ್ಯಾರ್ಥಿಗಳ ಬರಹಗಳಿಂದ ಹತ್ತು ಲಕ್ಷ ಪದಗಳನ್ನು ಕಲೆಹಾಕಿ, ತಪ್ಪುಗಳಿಗೆ ಗುರುತು ಹಾಕಿ ಪ್ರಕಟಿಸಿದರು. ಆಗಿನಿಂದ ಅಲ್ಲಿನ ಸಂಶೋಧಕರು ಮತ್ತೆ ಮತ್ತೆ ಅಗೆಯುತ್ತಿರುವುದು ಉದ್ದುದ್ದ ಪದಗಳನ್ನಲ್ಲ. ಮೇಕ್, ಟೇಕ್, ಗೆಟ್ ಎಂಬ ಈ ಗಿಡ್ಡ ಪದಗಳನ್ನು.

ಇಷ್ಟರ ನಡುವೆ ‘ಗೆಟ್’ ತರಗತಿಯಿಂದ ಜಾರಿ ಬೀದಿಗೆ ಹೋಯಿತು. 2010ರ ದಶಕದಿಂದ ಚೀನೀ ಯುವಕರು ಅದನ್ನು ತಮ್ಮ ಮಾತಿನಲ್ಲೇ ಬಳಸತೊಡಗಿದ್ದಾರೆ. ಹೊಸ ಕುಶಲತೆ ಕಲಿತರೆ ಗೆಟ್, ಮಾತಿನ ಒಳಗುಟ್ಟು ಹೊಳೆದರೆ ಗೆಟ್. ಅಪ್, ಆಫ್, ಓವರ್ ಎಂಬ ಇಂಗ್ಲಿಷ್ ಬಾಲಗಳೆಲ್ಲ ಕಳಚಿಬಿದ್ದಿವೆ. ಅವುಗಳ ಜಾಗದಲ್ಲಿ, ಕೆಲಸ ಕೈಗೂಡಿತು ಎನ್ನಲು ಚೀನೀಯರು ಕ್ರಿಯಾಪದದ ಕೊನೆಗೆ ಹಚ್ಚುವ ‘ದಾವ್’ ಬಂದು ಕೂತಿದೆ. ‘ಗೆಟ್‌ದಾವ್’ ಅಂದರೆ ಹೊಳೆಯಿತು. ನಡುವೆ ಅವರ ‘ಬು’ ಎಂಬ ನಿಷೇಧ ಸೇರಿಸಿದರೆ ‘ಗೆಟ್‌ಬುದಾವ್’, ಏನೂ ಹೊಳೆಯಲಿಲ್ಲ. ಈ ಅರ್ಥದಲ್ಲಿ ಅದನ್ನು ಅವರಿಗೆ ಯಾವ ಮೇಷ್ಟರೂ ಕಲಿಸಿಕೊಡಬೇಕಾಗಿಲ್ಲ.