ಕೋರ್ಟಿನ ಖರ್ಚಿಗೂ ಲೆಕ್ಕ ಕೇಳಿ
(ಬಂಗಾರಪೇಟೆಯಲ್ಲಿ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದಲ್ಲಿ ಐದು ರೂಪಾಯಿ ವ್ಯತ್ಯಾಸ ಬಂದರೂ ಪುಸ್ತಕ ತೆಗೆಸಿ ನೋಡ್ತೀರಿ. ಕೋರ್ಟಿಗೆ ಹೋದಾಗ ಮಾತ್ರ ಕೇಳಿದಷ್ಟು ಕೊಟ್ಟು ಸುಮ್ಮನೆ ಬರ್ತೀರಿ. ಯಾಕೆ?

ಕೆ.ಜಿ.ಎಫ್.ನ ಒಬ್ಬ ಸದಸ್ಯೆ, 2001ರಲ್ಲಿ ಗಣಿ ಮುಚ್ಚಿದಾಗ ಗಂಡನಿಗೆ ಬಂದ ಹಣದಲ್ಲಿ ಬಹಳ ವರ್ಷ ಕಾಪಾಡಿದ್ದ ಒಂದು ಭಾಗವನ್ನು ಪ್ರೋನೋಟ್ ಬರೆಸಿಕೊಂಡು ಸಾಲ ಕೊಟ್ಟರು. ಹಣ ವಾಪಸ್ ಬರಲಿಲ್ಲ. ಓಲೆ ಅಡವಿಟ್ಟು ದಾವೆ ಹಾಕಿದರು. ಒಂದು ದಿನ "ಖರ್ಚು ಸಮೇತ ಡಿಕ್ರಿ ಆಯ್ತು ಸಿಸ್ಟರ್" ಎಂದು ಸಿಹಿ ತಂದರು. ನಾವೂ ತಿಂದೆವು. ಆಮೇಲೆ ಡಿಕ್ರಿಯ ನಕಲು ಓದಿದೆವು.

ಡಿಕ್ರಿಯ ಕೊನೆಯಲ್ಲಿ ಖರ್ಚಿನ ಪಟ್ಟಿ ಇರುತ್ತದೆ: ಕೋರ್ಟ್ ಫೀ, ವಕಾಲತ್ತಿನ ಸ್ಟಾಂಪು, ನೋಟಿಸಿನ ಫೀ, ಸಾಕ್ಷಿಗಳ ಭತ್ಯೆ, ವಕೀಲರ ಫೀ. ವಕೀಲರ ಫೀಯನ್ನು ನಿಯಮದ ಪ್ರಕಾರ ಹಾಕುತ್ತಾರೆ, ನೀವು ಕೊಟ್ಟಷ್ಟನ್ನಲ್ಲ. ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವ ಆಕೆ ಪ್ರತಿ ವಾಯಿದೆಗೂ ಕಳೆದುಕೊಂಡ ದಿನಗೂಲಿ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಖರ್ಚು ಯಾರು ಕೊಡಬೇಕೆಂದು ತೀರ್ಮಾನಿಸುವುದು ನ್ಯಾಯಾಧೀಶರು. ಸಾಮಾನ್ಯವಾಗಿ ಸೋತವರು. ಗೆದ್ದವರಿಗೆ ಕೊಡಿಸದಿದ್ದರೆ ಕಾರಣ ಬರೆಯಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಹೇಳುತ್ತದೆ. ಬೇಕೆಂದೇ ಸುಳ್ಳು ದಾವೆ ಹಾಕಿದವರಿಂದ ಪರಿಹಾರ ಕೊಡಿಸಬಹುದು, ಆದರೆ ಹೆಚ್ಚೆಂದರೆ 3,000 ರೂಪಾಯಿ. ಇಂದಿನ ಕಾಲಕ್ಕೆ ಅದು ಯಾವ ಮೂಲೆಗೆ!

ಡಿಕ್ರಿ ಆದ ಮಾತ್ರಕ್ಕೆ ಹಣ ಮನೆಗೆ ಬರುವುದಿಲ್ಲ. ಎದುರಿನವರು ಕೊಡದಿದ್ದರೆ 12 ವರ್ಷದೊಳಗೆ ಅಮಲ್ಜಾರಿ ಅರ್ಜಿ ಹಾಕಬೇಕು. ಸಾಲದ ಹಣದ ಜೊತೆ ಖರ್ಚನ್ನೂ ಅದರಲ್ಲೇ ವಸೂಲು ಮಾಡಬಹುದು. ಈ ಸಹೋದರಿಗೆ ಅದು ಗೊತ್ತಿರಲಿಲ್ಲ, ಕಾಯುತ್ತಾ ಕೂತಿದ್ದರು.

ನಮಗೆ ಹೆಚ್ಚು ನೋವಾದದ್ದು ಬೇರೆ. ಆಕೆ ಓಲೆ ಅಡವಿಡಬೇಕಾಗಿಯೇ ಇರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಉಂಟು. ಕೇಸಿನಲ್ಲಿ ಹುರುಳಿದ್ದರೆ ಸಾಕು, ವಕೀಲರನ್ನು ಕೊಡುತ್ತಾರೆ, ಕೋರ್ಟ್ ಫೀಯನ್ನೂ ಭರಿಸುತ್ತಾರೆ. ಆ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಜೀವನಾಂಶದ ಕೇಸಾದರೆ, ಮಧ್ಯಂತರವಾಗಿ ಕೇಸಿನ ಖರ್ಚನ್ನೂ ಗಂಡನಿಂದ ಕೇಳಬಹುದು.

ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ, ಓದಿಸಿ ಕೇಳದೆ ಸಹಿ ಹಾಕಬೇಡಿ.

ವಕೀಲರಿಗೆ ಹಣ ಕೊಟ್ಟಾಗ ರಸೀದಿ ಕೇಳಿ. ಸಂಕೋಚ ಬೇಡ, ಸಂಘದಲ್ಲಿ ನೀವೇ ಕೊಡುವುದಿಲ್ಲವೇ? ಆ ಸಹೋದರಿ ಈಗ ಅಮಲ್ಜಾರಿ ಅರ್ಜಿ ಹಾಕಿದ್ದಾರೆ, ಈ ಬಾರಿ ಉಚಿತ ವಕೀಲರ ಮೂಲಕ. ಕೇಸು ಇರುವವರು ಮುಂದಿನ ಸಭೆಗೆ ಕಾಗದಪತ್ರ ತನ್ನಿ, ಒಟ್ಟಿಗೆ ಕೂತು ಓದೋಣ.