ಖಾತೆಗೆ ಸೇರದ ಇಪ್ಪತ್ತೆರಡು ಯಂತ್ರಗಳು

ಮೂವತ್ತು ವರ್ಷ ನಾನು ಮಾಡಿದ ಉದ್ಯೋಗವನ್ನು ಒಂದು ಮಾತಿನಲ್ಲಿ ಹೇಳಬೇಕಾದರೆ, ಬೀಗ ಕಾಯುವ ಉದ್ಯೋಗ ಎನ್ನಬೇಕು. ಬೆಂಗಳೂರಿನ ಒಂದು ಜಾಹೀರಾತು ಮತ್ತು ಮುದ್ರಣ ಸಂಸ್ಥೆಯಲ್ಲಿ ಕಂಪ್ಯೂಟರುಗಳ ಮೇಲ್ವಿಚಾರಕನಾಗಿದ್ದೆ. ಮನೆಯಲ್ಲಿ ಮೊಮ್ಮಕ್ಕಳು, ತಾತ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು ಎನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ. ರಿಪೇರಿ ಕಣ್ಣಿಗೆ ಕಾಣುವ ಕೆಲಸ. ಕಾವಲು ಹಾಗಲ್ಲ, ತಪ್ಪಿದ ದಿನ ಮಾತ್ರ ಕಾಣುತ್ತದೆ. ಹಾಗೆ ಕಂಡ ಕೆಲವು ದಿನಗಳ ಸಂಗತಿಯನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ.

ನಮ್ಮ ಕಛೇರಿಯಲ್ಲಿದ್ದವರು ಸುಮಾರು 400 ಮಂದಿ. ಅವರ ಯಂತ್ರಗಳಲ್ಲಿ 380ರಷ್ಟು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸಿನಿಂದ ನಡೆಯತಕ್ಕವು. ಎರಡನೆಯ ಮಹಡಿಯ ಕಲಾವಿಭಾಗದಲ್ಲಿ ಮಾತ್ರ ಆಪಲ್ ಸಂಸ್ಥೆಯ ಮ್ಯಾಕ್‌ಗಳು, ಎಣಿಸಿ 22. ಮೊದಲ ಮ್ಯಾಕಿಂಟಾಷ್ ಬಂದದ್ದು 1984ರ ಜನವರಿಯಲ್ಲಿ. ಅಂದಿನಿಂದಲೂ ಚಿತ್ರ ಬರೆಯುವವರಿಗೆ, ಪುಟ ಕಟ್ಟುವವರಿಗೆ ಆ ಯಂತ್ರದ ಮೇಲೊಂದು ಮೋಹ. ಅದನ್ನು ಬಿಡಿಸಿ ಬೇರೆ ಯಂತ್ರ ಕೊಡಲು ಹೋದವನು ಕಲಾವಿಭಾಗದಲ್ಲಿ ಕಾಫಿಯ ಆಸೆಯನ್ನೂ ಬಿಡಬೇಕಾಗುತ್ತದೆ.

ವಿಂಡೋಸ್ ಯಂತ್ರಗಳ ಆಡಳಿತ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹಿಂದೆ ಊರಿಗೊಬ್ಬ ಶಾನುಭೋಗರಿದ್ದರಷ್ಟೆ. ಯಾರ ಹೊಲ ಎಷ್ಟು, ಯಾರು ಕಂದಾಯ ಕಟ್ಟಬೇಕು, ಎಲ್ಲವೂ ಅವರ ಕಡತದಲ್ಲಿ. ಕಡತದಲ್ಲಿ ಹೆಸರಿಲ್ಲದವನು ಊರಿನಲ್ಲಿದ್ದರೂ ಇಲ್ಲದವನೇ. ವಿಂಡೋಸ್ 2000ರ ಜೊತೆಗೆ ಬಂದ ಆ್ಯಕ್ಟಿವ್ ಡೈರೆಕ್ಟರಿ ಎಂಬುದು ಇಂಥದೇ ಒಂದು ಖಾತೆ. ನೌಕರರ ಹೆಸರು, ಯಂತ್ರಗಳ ಹೆಸರು, ಯಾರಿಗೆ ಯಾವ ಕೋಣೆಗೆ ಪ್ರವೇಶ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಆ ಖಾತೆಯ ಮೂಲಕ ಹೊರಡುವ ಕಟ್ಟಳೆಗಳಿಗೆ ಗ್ರೂಪ್ ಪಾಲಿಸಿ ಎಂದು ಹೆಸರು: ಪಾಸ್‌ವರ್ಡ್ ಎಷ್ಟು ಅಕ್ಷರದ್ದಿರಬೇಕು, ಎಷ್ಟು ನಿಮಿಷ ಸುಮ್ಮನಿದ್ದರೆ ಪರದೆ ಮುಚ್ಚಿಕೊಳ್ಳಬೇಕು, ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸಿಡಬೇಕೆ, ಹೀಗೆ. ಪ್ರತಿಯೊಂದು ಯಂತ್ರವೂ 90 ನಿಮಿಷಕ್ಕೊಮ್ಮೆ, ಎಲ್ಲವೂ ಒಟ್ಟಿಗೆ ಮುಗಿಬೀಳದಿರಲೆಂದು ಮೇಲೆ 30 ನಿಮಿಷದವರೆಗೆ ಹೆಚ್ಚುಕಡಿಮೆ ಮಾಡಿಕೊಂಡು, ತಾನಾಗಿಯೇ ಬಂದು ಹೊಸ ಕಟ್ಟಳೆ ಏನಾದರೂ ಉಂಟೇ ಎಂದು ಕೇಳಿಕೊಂಡು ಹೋಗುತ್ತದೆ. ನಾನು ಒಂದು ಕಡೆ ಕುಳಿತು 380 ಬಾಗಿಲುಗಳಿಗೆ ಅಗುಳಿ ಹಾಕಬಹುದಾಗಿತ್ತು.

ಆ 22 ಮ್ಯಾಕ್‌ಗಳು ಈ ಖಾತೆಯಲ್ಲಿರಲಿಲ್ಲ. ವಿಂಡೋಸಿನ ಕಟ್ಟಳೆಯ ಭಾಷೆ ಅವಕ್ಕೆ ತಿಳಿಯುವುದಿಲ್ಲ. ಅವು ಮನೆಗೆ ಬಂದ ನೆಂಟರಂತೆ ಇದ್ದವು. ನೆಂಟರಿಗೆ ಯಾರು ಲೆಕ್ಕ ಕೇಳುತ್ತಾರೆ? ನನಗೆ ಅವುಗಳ ನೆನಪಾಗುತ್ತಿದ್ದದ್ದು ಹಂಚಿಕೆಯ ಕಡತಕೋಶಗಳಲ್ಲಿ ಅವು ಬಿಟ್ಟುಹೋಗುತ್ತಿದ್ದ ಹೆಜ್ಜೆಗುರುತುಗಳಿಂದ. ಮ್ಯಾಕ್ ಯಾವ ಕೋಶವನ್ನು ತೆರೆದರೂ ಚುಕ್ಕೆಯಿಂದ ಮೊದಲಾಗುವ ಹೆಸರಿನ ಒಂದು ಪುಟ್ಟ ಕಡತವನ್ನು ಅಲ್ಲಿ ಇಟ್ಟುಬರುತ್ತದೆ. ಮ್ಯಾಕಿನವರಿಗೆ ಅದು ಕಾಣದು. ವಿಂಡೋಸಿನವರಿಗೆ ಕಂಡು, ಇದೇನು ವೈರಸ್ಸೇ ಎಂದು ನನಗೆ ದೂರವಾಣಿ ಮಾಡುತ್ತಿದ್ದರು.

ಕನ್ನಡದ ವಿಷಯವಾದ್ದರಿಂದ ಇನ್ನೊಂದನ್ನು ಹೇಳದಿರಲಾರೆ. ಮ್ಯಾಕಿನ ಹಳೆಯ ಕಡತವ್ಯವಸ್ಥೆ ನಮ್ಮ ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಇಡಿಯಾಗಿ ಇಡದೆ ಮೂರು ತುಂಡು ಮಾಡಿ ಇಡುತ್ತಿತ್ತು. ‘ಕೋಲಾರ’ ಎಂದು ಹೆಸರಿಟ್ಟ ಕಡತವನ್ನು ಮ್ಯಾಕಿನಲ್ಲಿ ಗಂಟುಕಟ್ಟಿ ವಿಂಡೋಸಿನಲ್ಲಿ ಬಿಚ್ಚಿದರೆ, ಕಣ್ಣಿಗೆ ಅದೇ ಕೋಲಾರ. ಹೆಸರು ಹೊಡೆದು ಹುಡುಕಿದರೆ ಸಿಗದು. ಇದರ ಕಾರಣ ತಿಳಿಯುವ ಮುನ್ನ ಒಂದು ವಾರ ನಾನು ಪುಟ ಕಟ್ಟುವ ಹುಡುಗನ ಮೇಲೆ ಸಿಡುಕಿದ್ದೇನೆ. ತಪ್ಪು ಅವನದಲ್ಲ.

ಮ್ಯಾಕಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆಯೂ ಆಗ ಪ್ರಬಲವಾಗಿತ್ತು. 2012ರ ಏಪ್ರಿಲ್ ತಿಂಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಕಳ್ಳತಂತ್ರಾಂಶ ಜಗತ್ತಿನಲ್ಲಿ ಸುಮಾರು 6 ಲಕ್ಷ ಮ್ಯಾಕ್‌ಗಳೊಳಗೆ ಸೇರಿಕೊಂಡಿದೆಯೆಂದು ಬಯಲಾಯಿತು. ಅದು ಒಳನುಗ್ಗಿದ್ದು ಜಾವಾ ಎಂಬ ತಂತ್ರಾಂಶದ ಒಂದು ಬಿರುಕಿನಿಂದ. ಜಾವಾದ ಒಡೆಯರಾದ ಒರಾಕಲ್‌ನವರು ಆ ಬಿರುಕಿಗೆ ಫೆಬ್ರವರಿಯಲ್ಲೇ ಗಾರೆ ಹಚ್ಚಿದ್ದರು; ಮ್ಯಾಕ್‌ಗಳಿಗೆ ಆ ಗಾರೆ ತಲಪಿದ್ದು ಏಪ್ರಿಲಿನಲ್ಲಿ. ನಮ್ಮ ಇಪ್ಪತ್ತೆರಡರಲ್ಲಿ ಅದು ಇದೆಯೋ ಇಲ್ಲವೋ ತಿಳಿಯಲು ನಾನು ಮೇಜಿನಿಂದ ಮೇಜಿಗೆ ನಡೆಯಬೇಕಾಯಿತು. ಒಂದರಲ್ಲೂ ಇರಲಿಲ್ಲ. ಸದ್ಯ ಪಾರಾದೆವೆಂದು ಅಷ್ಟಕ್ಕೇ ಬಿಟ್ಟೆ. ಆಗಲೇ ಎಚ್ಚರಗೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಅದೇ ವರ್ಷ ಆಷಾಢದ ಒಂದು ಸಂಜೆ, ನಮ್ಮ ಕಲಾವಿದೆಯೊಬ್ಬರ ಮ್ಯಾಕ್ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಕಳುವಾಯಿತು. ಯಂತ್ರದ ಬೆಲೆ ಹೋಗಲಿ. ಆ ತಿಂಗಳು ಅವರಿಗೆ ನೌಕರರೆಲ್ಲರ ಗುರುತಿನ ಚೀಟಿ ಸಿದ್ಧಪಡಿಸುವ ಕೆಲಸ ಕೊಟ್ಟಿದ್ದೆವು. 400 ಮಂದಿಯ ಭಾವಚಿತ್ರ, ಮನೆಯ ವಿಳಾಸ, ರಕ್ತದ ಗುಂಪು, ದೂರವಾಣಿ ಸಂಖ್ಯೆ, ಎಲ್ಲವೂ ಅದರಲ್ಲಿತ್ತು. ಪಾಸ್‌ವರ್ಡ್ ಇತ್ತೆಂಬುದು ನಿಜ. ಆದರೆ ಗೂಢಲಿಪಿಯಿಲ್ಲದ ಡಿಸ್ಕಿಗೆ ಪಾಸ್‌ವರ್ಡೆಂದರೆ ಮುಂಬಾಗಿಲ ಚಿಲಕ ಮಾತ್ರ. ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿದವನಿಗೆ ಹಿತ್ತಿಲು ತೆರೆದೇ ಇರುತ್ತದೆ. ವಿಂಡೋಸಿನ ಲ್ಯಾಪ್‌ಟಾಪುಗಳಿಗೆಲ್ಲ ನಾನು ಗೂಢಲಿಪಿಯನ್ನು ಕಡ್ಡಾಯ ಮಾಡಿದ್ದೆ. ಮ್ಯಾಕಿನಲ್ಲೂ ಡಿಸ್ಕಿಗೆ ಡಿಸ್ಕನ್ನೇ ಮುಚ್ಚಿಡುವ ಫೈಲ್‌ವಾಲ್ಟ್ 2011ರಲ್ಲೇ ಬಂದಿತ್ತು. ಅದನ್ನು ಚಾಲೂ ಮಾಡಿಸಬೇಕಾದವನು ನಾನು, ಮಾಡಿಸಿರಲಿಲ್ಲ.

ಮರುದಿನ ಲೆಕ್ಕಪತ್ರ ವಿಭಾಗದ ಹೆಣ್ಣುಮಗಳೊಬ್ಬರು ನನ್ನ ಮೇಜಿನ ಬಳಿ ಬಂದು ನಿಂತರು. ಗಂಡನ ಮನೆಯನ್ನು ತೊರೆದು, ಎಲ್ಲಿರುವೆನೆಂಬುದನ್ನು ಅವನಿಗೆ ತಿಳಿಸದೆ ಮಗುವಿನೊಡನೆ ಬೇರೆ ಇದ್ದವರು ಅವರು. “ಸರ್, ನನ್ನ ಹೊಸ ವಿಳಾಸವೂ ಅದರಲ್ಲಿತ್ತೆ?” ಎಂದು ಕೇಳಿದರು. ಇತ್ತು ಎಂದೆ. ಇನ್ನೇನೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಅವರು ಇನ್ನೊಂದು ಮನೆಗೆ ಹೋದರು, ಮಗುವಿನ ಶಾಲೆಯನ್ನೂ ಬದಲಿಸಿದರು. ಆ ಯಂತ್ರ ಯಾರ ಕೈ ಸೇರಿತೋ, ಡಿಸ್ಕನ್ನು ಯಾರಾದರೂ ತೆರೆದರೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಆಮೇಲೆ ನಾನು ಮಾಡಿದ ಮೊದಲ ಕೆಲಸ, ತಪ್ಪಿತಸ್ಥ ಮಾಡುವ ಕೆಲಸದಂತೆಯೇ, ಅತಿಯಾಯಿತು. ಮ್ಯಾಕ್‌ಗಳನ್ನೆಲ್ಲ ಎಳೆದು ತಂದು ವಿಂಡೋಸಿನ ಖಾತೆಗೆ ಕಟ್ಟಿಹಾಕಿದೆ. 2003ರಿಂದಲೂ ಮ್ಯಾಕಿನಲ್ಲಿ ಅದಕ್ಕೆ ಅನುಕೂಲವಿದೆ. ಕಟ್ಟಿದ್ದೇನೋ ಆಯಿತು, ಕಟ್ಟು ನಿಲ್ಲಲಿಲ್ಲ. ಈ ಖಾತೆಯ ಬಾಗಿಲು ಕಾಯುವುದು ಕೆರ್ಬೆರೋಸ್ ಎಂಬ ಪದ್ಧತಿ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು, ಗ್ರೀಕರ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಹೊತ್ತದ್ದು. ಯಂತ್ರದ ಗಡಿಯಾರ ಸರ್ವರಿನ ಗಡಿಯಾರಕ್ಕಿಂತ 5 ನಿಮಿಷ ಹಿಂದೆಮುಂದಾದರೂ ಅದು ಒಳಗೆ ಬಿಡುವುದಿಲ್ಲ. ಇನ್ನು ಪಾಸ್‌ವರ್ಡಿನ ಪಾಡು. ಒಬ್ಬರು ತಮ್ಮ ಪಾಸ್‌ವರ್ಡನ್ನು ಬೇರೆ ಯಂತ್ರದಲ್ಲಿ ಬದಲಿಸಿದರೆ ಖಾತೆಗೆ ಹೊಸದು ತಿಳಿಯುತ್ತದೆ. ಮ್ಯಾಕಿನೊಳಗೆ ಬೀಗದ ಕೈಗಳನ್ನು ಇಟ್ಟುಕೊಂಡಿರುವ ಕೀಚೈನ್ ಎಂಬ ಪೆಟ್ಟಿಗೆ ಹಳೆಯದನ್ನೇ ಹಿಡಿದು ಕೂರುತ್ತದೆ. ಆಮೇಲೆ ಪರದೆಯ ಮೇಲೆ ಹತ್ತು ಹತ್ತು ಸಲ ಪಾಸ್‌ವರ್ಡಿನ ಬೇಡಿಕೆ, ಎರಡನೆಯ ಮಹಡಿಯಿಂದ ನನಗೆ ಹತ್ತು ಹತ್ತು ಸಲ ಕರೆ. ಇಷ್ಟಾಗಿಯೂ ವಿಂಡೋಸಿನ ಕಟ್ಟಳೆಗಳು ಅವಕ್ಕೆ ಅನ್ವಯಿಸಿದವೆ? ಇಲ್ಲ. ಖಾತೆಯಲ್ಲಿ ಹೆಸರು ಸೇರಿತ್ತು, ಅಷ್ಟೆ.

ಮ್ಯಾಕನ್ನು ಅದರ ಭಾಷೆಯಲ್ಲೇ ಆಳಬೇಕು, ನಿಯಮ ಮಾತ್ರ ಎಲ್ಲರಿಗೂ ಒಂದೇ ಇರಬೇಕು ಎಂಬುದು ನನ್ನ ತಲೆಗೆ ಹೋದದ್ದು 2014ರಲ್ಲಿ. ಆಪಲ್ ಸಂಸ್ಥೆ ದೂರದಿಂದ ನಿರ್ವಹಿಸುವ ಒಂದು ಏರ್ಪಾಡನ್ನು ಮೊದಲು 2010ರಲ್ಲಿ ಫೋನುಗಳಿಗೂ 2011ರಲ್ಲಿ ಮ್ಯಾಕ್‌ಗಳಿಗೂ ತಂದಿತ್ತು. ಅದರ ರೀತಿ ಬಲು ಸೊಗಸಾದದ್ದು. ನಮ್ಮ ಸರ್ವರ್ ಆಜ್ಞೆಯನ್ನು ನೇರವಾಗಿ ಕಳಿಸುವುದಿಲ್ಲ. ಆಪಲ್‌ನವರ ಮೂಲಕ ಯಂತ್ರದ ಕದವನ್ನು ಒಮ್ಮೆ ತಟ್ಟಿಸುತ್ತದೆ. ತಟ್ಟಿದ ಸದ್ದಿನಲ್ಲಿ ಸುದ್ದಿ ಏನೂ ಇರುವುದಿಲ್ಲ. ಸದ್ದು ಕೇಳಿದ ಯಂತ್ರ ತಾನೇ ನಮ್ಮ ಸರ್ವರಿಗೆ ಬಂದು ಆಜ್ಞೆಯನ್ನು ಪಡೆಯುತ್ತದೆ. ಯಂತ್ರ ನಿದ್ರಿಸುತ್ತಿದ್ದರೆ, ಸಂಪರ್ಕದಲ್ಲಿಲ್ಲದಿದ್ದರೆ, ಆಜ್ಞೆ ಸರದಿಯಲ್ಲಿ ಕಾಯುತ್ತದೆ, ದಿನಗಟ್ಟಲೆ ಬೇಕಾದರೂ. ಯಂತ್ರ ಕಛೇರಿಯಲ್ಲೇ ಇರಬೇಕೆಂದಿಲ್ಲ. 2020ರ ಮಾರ್ಚಿನಲ್ಲಿ ಎಲ್ಲರೂ ಮನೆ ಸೇರಿದಾಗ ಖಾತೆಗೆ ಕಟ್ಟಿದ ವಿಂಡೋಸ್ ಯಂತ್ರಗಳು ಕಛೇರಿಯ ಜಾಲಕ್ಕೆ ದಾರಿ ಹುಡುಕಿ ಬಳಲಿದವು. ನನ್ನ ಹಿಂದಿನ ನೆಂಟರು ಕೂತಲ್ಲಿಯೇ ಆಜ್ಞೆ ಪಡೆದರು.

ಫೈಲ್‌ವಾಲ್ಟ್ ಕಡ್ಡಾಯವಾಯಿತು, ಮರೆತವರಿಗಾಗಿ ಪ್ರತಿಯೊಂದು ಯಂತ್ರದ ತುರ್ತು ಕೀಲಿ ಸರ್ವರಿನಲ್ಲಿ ಉಳಿಯಿತು. ಇದರ ಬೆಲೆ ನನಗೆ ತಿಳಿದದ್ದು 2017ರ ನವೆಂಬರ್ 29ರ ಬೆಳಗ್ಗೆ. ಮ್ಯಾಕಿನ ಹೊಸ ಆವೃತ್ತಿಯಾದ ಹೈ ಸಿಯೆರಾದಲ್ಲಿ ‘ರೂಟ್’ ಎಂಬ ಸರ್ವಾಧಿಕಾರಿಯ ಹೆಸರು ಬರೆದು, ಪಾಸ್‌ವರ್ಡಿನ ಜಾಗವನ್ನು ಖಾಲಿ ಬಿಟ್ಟು, ಒಂದೆರಡು ಸಲ ಒತ್ತಿದರೆ ಯಂತ್ರ ತೆರೆದುಕೊಳ್ಳುತ್ತದೆಂದು ಟರ್ಕಿಯ ತಂತ್ರಜ್ಞರೊಬ್ಬರು ಜಗತ್ತಿಗೆಲ್ಲ ಸಾರಿಬಿಟ್ಟಿದ್ದರು. ಪರಿಹಾರ ಬರುವವರೆಗೆ ರೂಟ್‌ಗೆ ಒಂದು ಪಾಸ್‌ವರ್ಡ್ ಇಡಿರೆಂದು ಆಪಲ್ ಹೇಳಿತು. ಅಷ್ಟರಲ್ಲಿ ನಮ್ಮ ಮ್ಯಾಕ್‌ಗಳು 40 ದಾಟಿದ್ದವು. ಹತ್ತೂವರೆಯ ಕಾಫಿಗೆ ಮುನ್ನ, ಜಾಗ ಬಿಟ್ಟೇಳದೆ, ಎಲ್ಲಕ್ಕೂ ಪಾಸ್‌ವರ್ಡ್ ಇಟ್ಟು ಮುಗಿಸಿದೆ. ಆಪಲ್‌ನ ಪರಿಹಾರ ಆ ರಾತ್ರಿ ಬಂತು. ಅದು ಕೆಲವು ಯಂತ್ರಗಳ ಕಡತಹಂಚಿಕೆಯನ್ನು ಕೆಡಿಸಿ, ಅದಕ್ಕೊಂದು ಪರಿಹಾರ ಬೇಕಾದದ್ದು ಬೇರೆ ಕತೆ.

ಕಲಾವಿಭಾಗದವರಿಗೆ ಇದು ಹಿಡಿಸಿತೆನ್ನಲಾರೆ. ನಮ್ಮ ಕಾಗದಪತ್ರ ಓದುತ್ತೀರಾ ಎಂದು ಕೇಳಿದರು. ನಾನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ: ಯಾವ ತಂತ್ರಾಂಶಗಳಿವೆ, ಗೂಢಲಿಪಿ ಚಾಲೂ ಇದೆಯೆ, ಇಂಥವನ್ನು ನೋಡುತ್ತೇನೆ, ಬೀಗ ಹಾಕಬಲ್ಲೆ, ಪೂರ್ತಿ ಅಳಿಸಿಹಾಕಬಲ್ಲೆ. ಪತ್ರಗಳನ್ನು, ಚಿತ್ರಗಳನ್ನು ನೋಡುವುದಿಲ್ಲ. ಈ ಕೊನೆಯದನ್ನು ಕೇಳಿ ಒಬ್ಬ ಹಿರಿಯ ಕಲಾವಿದರು, “ನೋಡಲು ಆಗುವುದಿಲ್ಲವೋ, ನೋಡುವುದಿಲ್ಲವೋ?” ಎಂದರು. ಆಪಲ್‌ನ ಏರ್ಪಾಡಿನಲ್ಲಿ ಅಂಥ ಆಜ್ಞೆಯಿಲ್ಲ, ಆದರೆ ನಾವು ಜೊತೆಗೆ ಇಟ್ಟಿರುವ ತಂತ್ರಾಂಶಕ್ಕೆ ಯಂತ್ರದೊಳಗೆ ಎಲ್ಲೆಡೆಗೂ ಅಧಿಕಾರವಿದೆ, ಆದ್ದರಿಂದ ಅಲ್ಲಿ ನನ್ನ ಮಾತೇ ಆಧಾರ ಎಂದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

2022ರಲ್ಲಿ, ನಾನು ನಿವೃತ್ತನಾಗುವ ವರ್ಷ, ಅದೇ ಹಿರಿಯರು ಒಂದು ಮಧ್ಯಾಹ್ನ ದೂರವಾಣಿ ಮಾಡಿದರು. ಲ್ಯಾಪ್‌ಟಾಪನ್ನು ಆಟೋದಲ್ಲಿ ಮರೆತು ಇಳಿದಿದ್ದರು. “ಒಂದು ಗಂಟೆ ತಡೆಯಿರಿ ಸ್ವಾಮಿ, ಮಗಳ ಮದುವೆಯ ಚಿತ್ರಗಳು ಅದರಲ್ಲಿವೆ” ಎಂದರು. ನಾನು ತಡೆಯಲಿಲ್ಲ. ಅಳಿಸುವ ಆಜ್ಞೆಯನ್ನು ಕೊಟ್ಟುಬಿಟ್ಟೆ. ಆ ಡಿಸ್ಕು ಗೂಢಲಿಪಿಯಲ್ಲೇ ಇತ್ತು, ಬೀಗ ಹಾಕಿದ್ದರೆ ಸಾಕಾಗಿತ್ತು. ನನ್ನ ಕಣ್ಣ ಮುಂದಿದ್ದದ್ದು ಆಷಾಢದ ಮರುದಿನ ಮೇಜಿನ ಬಳಿ ನಿಂತ ಆ ಹೆಣ್ಣುಮಗಳು. ಯಂತ್ರ ಸಂಪರ್ಕದಲ್ಲಿರಲಿಲ್ಲವಾಗಿ ಆಜ್ಞೆ ಸರದಿಯಲ್ಲಿ ನಿಂತಿತು.

ಸಂಜೆ ಐದಕ್ಕೆ ಆಟೋ ಚಾಲಕ ಚೀಲವನ್ನು ಹುಡುಕಿಕೊಂಡು ಕಛೇರಿಗೇ ತಂದುಕೊಟ್ಟ. ಹಿರಿಯರಿಗೆ ಎಷ್ಟು ಸಂತೋಷವಾಯಿತೆಂದರೆ ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. ನಾನೂ ಅಲ್ಲಿಯೇ ನಿಂತಿದ್ದೆ. ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಿತ್ತು, ನೆನಪಾಗಲಿಲ್ಲ. ಅವರು ಮುಚ್ಚಳ ತೆರೆದರು. ಪರಿಚಯದ ಕಛೇರಿಯಲ್ಲವೇ, ಯಂತ್ರ ತಾನಾಗಿಯೇ ಜಾಲವನ್ನು ಸೇರಿತು, ಕಾದಿದ್ದ ಆಜ್ಞೆಯನ್ನು ಪಡೆಯಿತು. ನಾವು ಮೂವರೂ ನೋಡುತ್ತಿದ್ದಂತೆ ಪರದೆ ಕಪ್ಪಾಯಿತು.